ಪುರ ಗ್ರಾಮದ ಗೋಬರ್ ಅನಿಲ: ಸೋತ ಪ್ರಯೋಗದ ಪಾಠ

ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಸರಿಯಾಗಿ ಕೆಲಸ ಮಾಡುವ ಮಾದರಿಯಷ್ಟೇ ಮೇಜಿನ ಮೇಲಿರುತ್ತದೆ. ಕೈಕೊಟ್ಟ ಮೊದಲ ಮಾದರಿ ಮನೆಯ ಮೂಲೆ ಸೇರಿರುತ್ತದೆ. ಅದನ್ನೂ ಏಕೆ ತೋರಿಸಬೇಕು? ನೆಲಮಂಗಲ ದಾಟಿದ ಮೇಲೆ ಸಿಗುವ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಇದಕ್ಕೆ ಉತ್ತರವಿದೆ.

ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸಲೆಂದು 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ 'ಅಸ್ತ್ರ' ಆರಂಭವಾಯಿತು. ಈ ತಂಡ ಪುರದಲ್ಲಿ ಸಮುದಾಯ ಗೋಬರ್ ಅನಿಲ ಸ್ಥಾವರವನ್ನು ಕಟ್ಟಿತು. ಊರಿನ ಸಗಣಿಯಿಂದ ಅಡುಗೆ ಅನಿಲ ಒದಗಿಸುವುದು ಮೊದಲ ಉದ್ದೇಶ. ಆದರೆ ಎಲ್ಲ ಮನೆಗಳ ಅಡುಗೆಗೆ ಅನಿಲ ಸಾಲಲಿಲ್ಲ. ಸೌದೆ ಹಣವಿಲ್ಲದೆ ಸಿಗುತ್ತಿದ್ದುದರಿಂದ ಜನರ ಆಸಕ್ತಿಯೂ ಕುಗ್ಗಿತು. ಪ್ರಯತ್ನ ವಿಫಲವಾಯಿತು.

ತಂಡದವರು ಸೋಲನ್ನು ಮುಚ್ಚಿಡಲಿಲ್ಲ, ಗ್ರಾಮಸ್ಥರೊಂದಿಗೆ ಚರ್ಚಿಸಿದರು. ಊರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು ಮತ್ತು ಬೆಳಕು. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ ವಿದ್ಯುತ್ ಉತ್ಪಾದಿಸಲಾಯಿತು. ಕೊಳವೆಬಾವಿಯ ನೀರು ಮೇಲೆ ಬಂದಿತು, ಮನೆಗಳಲ್ಲಿ ದೀಪ ಬೆಳಗಿತು. ಡೀಸೆಲ್ ಎಂಜಿನ್ನಿನೊಳಗೆ ಸಂಪೀಡನದ ಶಾಖದಿಂದ ಮೀಥೇನ್ ತಾನಾಗಿ ಹೊತ್ತಿಕೊಳ್ಳುವುದು ಕಷ್ಟ. ಆದ್ದರಿಂದ ಸ್ವಲ್ಪ ಡೀಸೆಲ್ಲನ್ನೂ ಸಿಂಪಡಿಸಬೇಕು; ಅದು ಮೊದಲು ಹೊತ್ತಿ ಅನಿಲವನ್ನು ಹೊತ್ತಿಸುತ್ತದೆ. ಸಗಣಿ ತಂದವರಿಗೆ ಕಿಲೋಗ್ರಾಮಿಗೆ 2 ಪೈಸೆ ಕೊಟ್ಟು, ಅನಿಲ ತೆಗೆದ ಬಗ್ಗಡವನ್ನು ಗೊಬ್ಬರಕ್ಕೆ ಹಿಂದಿರುಗಿಸಲಾಗುತ್ತಿತ್ತು.

ಮೊದಲ ಸೋಲನ್ನೂ ಅದರ ಕಾರಣಗಳನ್ನೂ ತಂಡ ತನ್ನ ಪ್ರಬಂಧಗಳಲ್ಲಿ ದಾಖಲಿಸಿತು. ಅನಿಲ ಉತ್ಪಾದಿಸುವ ವಿಧಾನ ತಪ್ಪಾಗಿರಲಿಲ್ಲ, ಅದರ ಬಳಕೆಯ ಆಯ್ಕೆ ತಪ್ಪಾಗಿತ್ತು ಎಂಬುದು ಸ್ಪಷ್ಟವಾದದ್ದು ಹೀಗೆ. ಶಿಕ್ಷಕರು ಮುಂದಿನ ವಸ್ತುಪ್ರದರ್ಶನದಲ್ಲಿ ಕೆಟ್ಟ ಮಾದರಿಗೂ ಒಂದು ಮೇಜು ಇಡಲಿ. ಅದು ಏಕೆ ಕೆಟ್ಟಿತೆಂದು ಹೇಳಬಲ್ಲ ವಿದ್ಯಾರ್ಥಿಗೂ ಅಂಕ ಸಿಗಲಿ.