ಬೋರಾ ಮಾರುತ

ಬೋರಾ ಎಂಬುದು ಏಡ್ರಿಯಾಟಿಕ್ ಸಮುದ್ರದ ಪೂರ್ವ ಕರಾವಳಿಯಲ್ಲಿ, ಇಟಲಿಯ ಟ್ರಿಯೆಸ್ಟ್ ನಗರದಿಂದ ಸ್ಲೊವೇನಿಯ, ಕ್ರೊವೇಷಿಯಗಳ ತೀರದುದ್ದಕ್ಕೂ, ಮುಖ್ಯವಾಗಿ ಚಳಿಗಾಲದಲ್ಲಿ ಈಶಾನ್ಯ ದಿಕ್ಕಿನಿಂದ ಬೀಸುವ ಒಣ ಶೀತಮಾರುತ. ಒಳನಾಡಿನಲ್ಲಿ ಶೇಖರಗೊಂಡ ತಂಪಾದ, ಸಾಂದ್ರವಾದ ಗಾಳಿಯು ಕಾರ್ಸ್ಟ್ ಪ್ರಸ್ಥಭೂಮಿಯನ್ನೂ (ಸುಣ್ಣಕಲ್ಲು ನೀರಿನಲ್ಲಿ ಕರಗಿ ಗುಹೆ, ಕುಳಿಗಳು ಉಂಟಾಗಿರುವ ಎತ್ತರದ ನೆಲ) ಡಿನಾರಿಕ್ ಆಲ್ಪ್ಸ್ ಪರ್ವತಶ್ರೇಣಿಯನ್ನೂ ದಾಟಿ ಬೆಚ್ಚಗಿನ ಕಡಲಿನತ್ತ ಧುಮುಕಿದಾಗ ಈ ಮಾರುತ ಹುಟ್ಟುತ್ತದೆ. ಒಂದೇ ಸಮನೆ ಬೀಸದೆ ಹೊಡೆತ ಹೊಡೆತವಾಗಿ ಬರುವುದು ಇದರ ಲಕ್ಷಣವಾಗಿದ್ದು, ಅತಿ ತೀವ್ರವಾದಾಗ ಈ ಹೊಡೆತಗಳ ವೇಗ ಗಂಟೆಗೆ 200 ಕಿಮೀ ಮೀರುವುದುಂಟು.

ಇತಿಹಾಸದಲ್ಲಿ ಈ ಮಾರುತದ ಪ್ರಸಿದ್ಧ ಉಲ್ಲೇಖ ಕ್ರಿ.ಶ. 394ರದು. ಆ ವರ್ಷದ ಸೆಪ್ಟೆಂಬರಿನಲ್ಲಿ, ಇಂದಿನ ಸ್ಲೊವೇನಿಯದ ವಿಪಾವ ಕಣಿವೆಯಲ್ಲಿತ್ತೆಂದು ಸಾಮಾನ್ಯವಾಗಿ ಗುರುತಿಸಲಾಗುವ ಫ್ರಿಗಿಡಸ್ ನದಿಯ ಬಳಿ, ರೋಮನ್ ಚಕ್ರವರ್ತಿ ಒಂದನೆಯ ಥಿಯೊಡೋಸಿಯಸನು ತನ್ನ ಪ್ರತಿಸ್ಪರ್ಧಿ ಯೂಜೀನಿಯಸನನ್ನು ಸೋಲಿಸಿದ. ಎದುರಾಳಿ ಸೈನಿಕರ ಮುಖಕ್ಕೆ ರಾಚಿ ಅವರ ಬಾಣಗಳನ್ನು ಹಿಂದಕ್ಕಟ್ಟಿತೆಂದು ಹೇಳಲಾಗುವ ಬಿರುಗಾಳಿಯನ್ನು ಕ್ರೈಸ್ತ ಇತಿಹಾಸಕಾರರು ದೈವಸಹಾಯವೆಂದು ಬರೆದರೆ, ಈಚಿನ ವಿದ್ವಾಂಸರು ಅದನ್ನು ಬೋರಾ ಎಂದು ಗುರುತಿಸಿದ್ದಾರೆ.

ಮಾರುತದೊಡನೆ ಬದುಕುವ ಬಗೆಯನ್ನು ಇಲ್ಲಿನ ಜನ ಕಾಲಕ್ರಮದಲ್ಲಿ ರೂಢಿಸಿಕೊಂಡರು. ಕಾರ್ಸ್ಟ್ ಮತ್ತು ವಿಪಾವ ಪ್ರದೇಶದ ಹಳೆಯ ಮನೆಗಳಲ್ಲಿ ಗಾಳಿ ಬರುವ ದಿಕ್ಕಿನ ಗೋಡೆಗೆ ಕಿಟಕಿಗಳು ಇಲ್ಲವೇ ಇಲ್ಲ ಅಥವಾ ತೀರ ಸಣ್ಣವು. ಹೆಂಚುಗಳು ಹಾರಿಹೋಗದಂತೆ ಅವುಗಳ ಮೇಲೆ ಕಲ್ಲುಗಳನ್ನು ಹೇರಲಾಗಿದೆ. ಟ್ರಿಯೆಸ್ಟಿನ ಇಳಿಜಾರು ಬೀದಿಗಳಲ್ಲಿ ಪಾದಚಾರಿಗಳು ಹಿಡಿದು ನಡೆಯಲೆಂದು ಹಗ್ಗಗಳನ್ನು ಕಟ್ಟುವ ವಾಡಿಕೆಯಿತ್ತು. 1857ರಲ್ಲಿ ವಿಯೆನ್ನಾದಿಂದ ಟ್ರಿಯೆಸ್ಟಿನವರೆಗೆ ರೈಲುಮಾರ್ಗ ಪೂರ್ಣಗೊಂಡ ಮೇಲೆ, ಹಳಿಗಳ ರಕ್ಷಣೆಗಾಗಿ ಗಾಳಿ ತಡೆಯುವ ಕಲ್ಲುಗೋಡೆಗಳು ಎದ್ದವು. ಹಾನಿಯ ಜೊತೆಗೆ ಉಪಯೋಗವೂ ಉಂಟು: ಕಾರ್ಸ್ಟಿನ ಉಪ್ಪು ಹಚ್ಚಿದ ಹಂದಿಮಾಂಸ ಒಣಗುವುದು ಈ ಗಾಳಿಯಲ್ಲೇ, ಪಾಗ್ ದ್ವೀಪದಲ್ಲಿ ಗಾಳಿ ಎರಚುವ ಕಡಲಿನ ಉಪ್ಪು ಮೆತ್ತಿದ ಗಿಡಗಳನ್ನು ಮೇಯುವ ಕುರಿಗಳ ಹಾಲಿನಿಂದ ಹೆಸರಾಂತ ಗಿಣ್ಣು ತಯಾರಾಗುತ್ತದೆ.

ವೈಜ್ಞಾನಿಕ ಅಧ್ಯಯನದಲ್ಲಿ ಕ್ರೊವೇಷಿಯದ ಆಂದ್ರಿಯಾ ಮೊಹೊರೊವಿಚಿಚ್ ಅವರ ಕೆಲಸ ಗಮನಾರ್ಹ. ಮುಂದೆ ಭೂಕಂಪ ವಿಜ್ಞಾನಿಯಾಗಿ ಖ್ಯಾತರಾದ ಅವರು, ಬಾಕರ್ ಪಟ್ಟಣದ ನೌಕಾಶಾಲೆಯಲ್ಲಿ ಅಧ್ಯಾಪಕರಾಗಿದ್ದಾಗ, 1888ರಲ್ಲಿ, ಬೋರಾ ಬೀಸುವ ವೇಳೆ ಪರ್ವತದ ಮರೆಯಲ್ಲಿ ಅಡ್ಡ ಅಕ್ಷದ ಸುತ್ತ ಉರುಳುವ ಮೋಡಗಳನ್ನು ಗಮನಿಸಿ ವಿವರಿಸಿದರು. ತಂಪುಗಾಳಿ ತನ್ನ ಭಾರದಿಂದಲೇ ಇಳಿಜಾರಿನಲ್ಲಿ ಜಾರುತ್ತದೆಂಬ ಸರಳ ವಿವರಣೆ ಬಹುಕಾಲ ಚಾಲ್ತಿಯಲ್ಲಿತ್ತು. ಆಲ್ಪ್ಸ್ ಪ್ರದೇಶದಲ್ಲಿ 1982ರಲ್ಲಿ ನಡೆದ ಅಂತರರಾಷ್ಟ್ರೀಯ ಸಂಶೋಧನಾ ಕಾರ್ಯಕ್ರಮದಲ್ಲಿ ವಿಮಾನಗಳಿಂದ ನಡೆಸಿದ ಅಳತೆಗಳು, ಅಣೆಕಟ್ಟೆಯ ಮೇಲಿಂದ ಧುಮುಕುವ ನೀರಿನಂತೆ ಗಾಳಿಯ ಪದರವೂ ಶಿಖರ ದಾಟಿದೊಡನೆ ತೆಳುವಾಗಿ ವೇಗ ಪಡೆದು, ಮುಂದೆ ಥಟ್ಟನೆ ಮೇಲೆದ್ದು ಕಲಕಿಹೋಗುವುದನ್ನು ತೋರಿಸಿದವು. ಇದರಿಂದ ಕೆಳಗೆ ಹರಿಯುವ ಗಾಳಿ ತನ್ನ ಭಾರವೊಂದರಿಂದಲೇ ಪಡೆಯಲಾರದ ವೇಗವನ್ನು ಪಡೆಯುವುದು ಹೇಗೆಂಬುದು ಸ್ಪಷ್ಟವಾಯಿತು.

ಇಂದು ಬೋರಾ ಎಂಬ ಹೆಸರನ್ನು ಹವಾಮಾನಶಾಸ್ತ್ರದಲ್ಲಿ, ಎತ್ತರದ ನೆಲದಿಂದ ತಗ್ಗಿಗೆ ರಭಸದಿಂದ ಇಳಿಯುವ ಎಲ್ಲ ಶೀತಮಾರುತಗಳಿಗೂ ಬಳಸಲಾಗುತ್ತಿದ್ದು, ಕಪ್ಪು ಸಮುದ್ರ ತೀರದ ನೊವೊರೊಸಿಸ್ಕ್ ಬಂದರು ಹಾಗೂ ಆರ್ಕ್ಟಿಕ್ ವಲಯದ ನೊವಾಯ ಜೆಮ್ಲ್ಯ ದ್ವೀಪಗಳ ಮಾರುತಗಳು ಈ ವರ್ಗಕ್ಕೆ ಸೇರುತ್ತವೆ.