ನೂರರಲ್ಲಿ ಒಂದು ಕಣ

2011ರ ಅಕ್ಟೋಬರ್ 3ರ ಸೋಮವಾರ ಸ್ಟಾಕ್‌ಹೋಮ್‌ನಲ್ಲಿ ಆ ವರ್ಷದ ವೈದ್ಯಕೀಯ ನೊಬೆಲ್ ಘೋಷಣೆಯಾಯಿತು. ಅರ್ಧ ಬಹುಮಾನ ಬ್ರೂಸ್ ಬ್ಯೂಟ್ಲರ್ ಮತ್ತು ಯೂಲ್ಸ್ ಹಾಫ್‌ಮನ್ ಅವರಿಗೆ, ಉಳಿದರ್ಧ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ರಾಲ್ಫ್ ಸ್ಟೈನ್‌ಮನ್ ಅವರಿಗೆ. ಆದರೆ ಸ್ಟೈನ್‌ಮನ್ ಮೂರು ದಿನ ಮೊದಲೇ, ಸೆಪ್ಟೆಂಬರ್ 30ರಂದು, ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಅದು ಸಮಿತಿಗೆ ತಿಳಿದಿರಲಿಲ್ಲ. ಸತ್ತವರಿಗೆ ನೊಬೆಲ್ ಕೊಡುವಂತಿಲ್ಲ. ಆದರೂ, ಬದುಕಿದ್ದಾರೆಂದು ನಂಬಿಯೇ ಆರಿಸಿದ್ದರಿಂದ, ಪ್ರಶಸ್ತಿ ಹಾಗೆಯೇ ಉಳಿಯಲಿ ಎಂದು ನೊಬೆಲ್ ಪ್ರತಿಷ್ಠಾನ ತೀರ್ಮಾನಿಸಿತು.

ಸ್ಟೈನ್‌ಮನ್ ಹೆಸರು ಬಂದಾಗಲೆಲ್ಲ ಜನ ಹೇಳುವುದು ಈ ಕತೆಯನ್ನೇ. ನನ್ನನ್ನು ಹಿಡಿದಿಟ್ಟದ್ದು ಅದಕ್ಕೂ ಹಿಂದಿನ ಇಪ್ಪತ್ತು ವರ್ಷ. ನನ್ನ ಜೀವಶಾಸ್ತ್ರ ಪಿಯುಸಿಗೇ ಮುಗಿದಿತ್ತು, ಎಂ.ಟೆಕ್. ಮಾಡಿ ಈಗ ಪುಣೆಯಲ್ಲಿ ಸಾಫ್ಟ್‌ವೇರ್ ಪ್ರಾಜೆಕ್ಟುಗಳ ಗಡುವು ಕಾಯುವ ಕೆಲಸ. ಒಂದು ಸಂಶೋಧನೆ 1973ರಲ್ಲಿ ಅಚ್ಚಾಗಿ, 1990ರ ದಶಕದವರೆಗೂ ಪೂರ್ತಿ ಒಪ್ಪಿಗೆಗಾಗಿ ಕಾಯಬೇಕಾಯಿತು ಎಂದರೆ ನನ್ನಂಥವನಿಗೆ ಮೊದಲು ಹೊಳೆಯುವ ಪ್ರಶ್ನೆ: ಅಷ್ಟು ದಿನ ಅದು ಎಲ್ಲಿ ಸಿಕ್ಕಿಹಾಕಿಕೊಂಡಿತ್ತು?

ಮೊದಲು ಹಿನ್ನೆಲೆ. ನಮ್ಮ ರಕ್ತದಲ್ಲಿರುವ ಟಿ ಕಣಗಳು ರೋಗದ ವಿರುದ್ಧ ಹೋರಾಡುವ ಮುಖ್ಯ ಪಡೆ. 1960ರ ದಶಕದ ಕೊನೆಯ ಹೊತ್ತಿಗೆ ಇಲಿಯ ಗುಲ್ಮದಿಂದ ತೆಗೆದ ಕಣಗಳನ್ನು ಗಾಜಿನ ತಟ್ಟೆಯಲ್ಲಿ ಸಾಕಿ, ಅಲ್ಲಿಯೇ ಪ್ರತಿಕಾಯ ಹುಟ್ಟಿಸುವುದನ್ನು ವಿಜ್ಞಾನಿಗಳು ಕಲಿತಿದ್ದರು. ಆದರೆ ಟಿ ಮತ್ತು ಬಿ ಕಣಗಳನ್ನಷ್ಟೇ ಹಾಕಿದರೆ ಏನೂ ನಡೆಯುತ್ತಿರಲಿಲ್ಲ. ಗಾಜಿಗೆ ಅಂಟಿಕೊಳ್ಳುವ ಇನ್ನೊಂದು ಬಗೆಯ ಕಣ ಜೊತೆಗಿದ್ದರೆ ಮಾತ್ರ ಕೆಲಸ ಶುರು. ಇದಕ್ಕೆ 'ಸಹಾಯಕ ಕಣ' ಎಂಬ ಹೆಸರಿಟ್ಟು, ಸೂಕ್ಷ್ಮಜೀವಿಗಳನ್ನು ನುಂಗುವ ಮ್ಯಾಕ್ರೋಫೇಜೇ ಈ ಸಹಾಯಕ ಎಂದು ಹೆಚ್ಚಿನವರು ಭಾವಿಸಿದ್ದರು.

ಕೆನಡಾದಲ್ಲಿ 1943ರಲ್ಲಿ ಹುಟ್ಟಿ, ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದಿದ ಸ್ಟೈನ್‌ಮನ್ 1970ರಲ್ಲಿ ಝಾನ್‌ವಿಲ್ ಕೋನ್ ಅವರ ಪ್ರಯೋಗಾಲಯ ಸೇರಿದರು. ಕೋನ್ ಸ್ವತಃ ಮ್ಯಾಕ್ರೋಫೇಜ್ ಅಧ್ಯಯನದ ದೊಡ್ಡ ಹೆಸರು. ಗಾಜಿಗೆ ಅಂಟಿದ ಆ ಕಣಗಳನ್ನು ಸ್ಟೈನ್‌ಮನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಮ್ಯಾಕ್ರೋಫೇಜ್‌ಗಳ ನಡುವೆ ಬೇರೊಂದು ಆಕಾರ ಕಂಡಿತು. ಮರದ ಕೊಂಬೆಗಳಂತೆ ಉದ್ದುದ್ದ ಚಾಚುಗಳು. ಅವು ಸದಾ ಚಾಚಿಕೊಳ್ಳುತ್ತ, ಮಡಚಿಕೊಳ್ಳುತ್ತ ಇದ್ದವು. ಮ್ಯಾಕ್ರೋಫೇಜ್‌ನಂತೆ ಕಂಡದ್ದನ್ನೆಲ್ಲ ನುಂಗುತ್ತಿರಲಿಲ್ಲ. ಹೆಂಡತಿ ಕ್ಲಾಡಿಯಾಳ ಹೆಸರನ್ನೇ ಈ ಕಣಕ್ಕೆ ಇಡುವ ಯೋಚನೆಯೂ ಬಂದಿತ್ತಂತೆ. ಕೊನೆಗೆ ಗ್ರೀಕ್‌ನಲ್ಲಿ ಮರ ಎಂಬರ್ಥದ ಪದದಿಂದ 'ಡೆಂಡ್ರಿಟಿಕ್ ಕಣ' ಎಂದಾಯಿತು. 1973ರಲ್ಲಿ ಸ್ಟೈನ್‌ಮನ್ ಮತ್ತು ಕೋನ್ ಇದನ್ನು ಹೊಸ ಬಗೆಯ ಕಣ ಎಂದೇ ಪ್ರಕಟಿಸಿದರು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಮ್ಯಾಕ್ರೋಫೇಜ್ ಮೇಲೆ ಹೆಸರು ಕಟ್ಟಿಕೊಂಡ ಗುರುವಿನ ಮನೆಯಲ್ಲಿ ಶಿಷ್ಯ ಬಂದು 'ಈ ಕೆಲಸ ಮಾಡುವುದು ನಿಮ್ಮ ಕಣವಲ್ಲ, ಇನ್ನೊಂದು' ಎಂಬ ದಾರಿ ಹಿಡಿದಿದ್ದ. ಗುರು ಆ ದಾರಿಯನ್ನು ಮುಚ್ಚಲಿಲ್ಲ. ಪ್ರಬಂಧಕ್ಕೆ ತಾನೂ ಹೆಸರು ಹಾಕಿ ಜೊತೆಗೆ ನಿಂತ.

ಆದರೆ ಹೊರಗಿನವರು ಸುಲಭಕ್ಕೆ ಒಪ್ಪಲಿಲ್ಲ. ಕಾರಣ ಬರೀ ಹಟ ಅಂತಲೂ ಹೇಳಲಾಗದು. ಗುಲ್ಮದ ಕಣಗಳಲ್ಲಿ ಇವು ಸುಮಾರು ನೂರಕ್ಕೆ ಒಂದು. ಬೇರ್ಪಡಿಸುವುದಂತೂ ಅಕ್ಕಿಯಲ್ಲಿ ಕಲ್ಲು ಆರಿಸುವುದಕ್ಕಿಂತ ನಾಜೂಕಿನ ಕೆಲಸ. ಮೊದಲು ಸಾಂದ್ರ ದ್ರವದಲ್ಲಿ ತೇಲಿಸಬೇಕು. ಆಮೇಲೆ ಗಾಜಿಗೆ ಅಂಟಿಸಬೇಕು. ಡೆಂಡ್ರಿಟಿಕ್ ಕಣ ಒಂದು ರಾತ್ರಿ ಕಳೆಯುವಷ್ಟರಲ್ಲಿ ಗಾಜನ್ನು ಬಿಟ್ಟು ಮೇಲೆ ಬರುತ್ತದೆ, ಮ್ಯಾಕ್ರೋಫೇಜ್ ಅಂಟಿಕೊಂಡೇ ಇರುತ್ತದೆ. ಆ ವ್ಯತ್ಯಾಸ ಹಿಡಿದು ಬಸಿದುಕೊಳ್ಳಬೇಕು. ಇಷ್ಟೆಲ್ಲ ಮಾಡಿದ ಮೇಲೂ ಕೈಗೆ ಸಿಗುವುದು ಚೂರು. ಬೇರೆ ಪ್ರಯೋಗಾಲಯದವರು ತಮ್ಮ ಕಣ್ಣಾರೆ ಕಾಣದಿದ್ದರೆ ಹೇಗೆ ನಂಬಿಯಾರು?

1978ರಲ್ಲಿ ಸ್ಟೈನ್‌ಮನ್ ಮತ್ತು ಮಾರ್ಗರೆಟ್ ವಿಟ್ಮರ್ ಬಲವಾದ ಸಾಕ್ಷ್ಯ ಕೊಟ್ಟರು. ಒಂದು ಇಲಿಯ ಟಿ ಕಣಗಳನ್ನು ಇನ್ನೊಂದು ತಳಿಯ ಇಲಿಯ ಕಣಗಳೊಂದಿಗೆ ಬೆರೆಸಿದರೆ ಟಿ ಕಣಗಳು ಕೆರಳಿ ಬೆಳೆಯುತ್ತವೆ. ಹೀಗೆ ಕೆರಳಿಸುವುದರಲ್ಲಿ ಡೆಂಡ್ರಿಟಿಕ್ ಕಣ ಉಳಿದವಕ್ಕಿಂತ ಕನಿಷ್ಠ ನೂರು ಪಟ್ಟು ಸಮರ್ಥ ಎಂದು ಅವರು ತೋರಿಸಿದರು. ಮುಂದೆ 1982ರಲ್ಲಿ ವೆಸ್ಲಿ ವಾನ್ ವೂರ್ಹಿಸ್ ಜೊತೆ ಸೇರಿ ಮನುಷ್ಯರ ರಕ್ತದಲ್ಲೂ ಇದೇ ಕಣವಿದೆ ಎಂದು ಪ್ರಕಟಿಸಿದರು. ಇಲಿಯ ವಿಷಯ ಮನುಷ್ಯನದಾಯಿತು. ಆದರೆ ರಕ್ತದಲ್ಲಂತೂ ಅದು ಇನ್ನೂ ಅಪರೂಪ.

ಕೆಲಸ ನಡೆಯುವ ಬಗೆ 1985ರಲ್ಲಿ ಇನ್ನಷ್ಟು ಸ್ಪಷ್ಟವಾಯಿತು. ಚರ್ಮದಲ್ಲಿ ಕವಲೊಡೆದ ಕಣಗಳಿವೆ ಎಂದು ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ಬರ್ಲಿನ್‌ನ ವೈದ್ಯಕೀಯ ವಿದ್ಯಾರ್ಥಿ 1868ರಲ್ಲೇ ಬರೆದಿದ್ದ. ಅವು ನರಕ್ಕೆ ಸೇರಿದವು ಎಂದುಕೊಂಡಿದ್ದ. ಗೆರೋಲ್ಡ್ ಶೂಲರ್ ಮತ್ತು ಸ್ಟೈನ್‌ಮನ್ ಇಲಿಯ ಚರ್ಮದಿಂದ ಅದೇ ಕಣಗಳನ್ನು ತೆಗೆದು ಎರಡು ಮೂರು ದಿನ ಸಾಕಿದರು. ಮೊದಲು ಟಿ ಕಣಗಳನ್ನು ಅಷ್ಟಾಗಿ ಕೆರಳಿಸದಿದ್ದವು, ಸಾಕಿದ ಮೇಲೆ ಪ್ರಬಲ ಡೆಂಡ್ರಿಟಿಕ್ ಕಣಗಳಾದವು. ಅಂದರೆ ಈ ಕಣಕ್ಕೆ ಎರಡು ಅವಸ್ಥೆ. ಮೊದಲನೆಯದರಲ್ಲಿ ಅದು ನಮ್ಮ ಹಳ್ಳಿಗಳ ತಳವಾರನಂತೆ ಗಡಿಯಲ್ಲಿ ತಿರುಗುತ್ತ ಹೊಸಬರ ಕುರುಹು ಸಂಗ್ರಹಿಸುತ್ತದೆ. ಎರಡನೆಯದರಲ್ಲಿ ಆ ಕುರುಹು ಹೊತ್ತು ದುಗ್ಧಗ್ರಂಥಿಯೆಂಬ ಚಾವಡಿಗೆ ಬಂದು ಟಿ ಕಣಗಳಿಗೆ ತೋರಿಸುತ್ತದೆ. ಟಿ ಕಣ ತಾನಾಗಿ ಶತ್ರುವನ್ನು ಗುರುತಿಸಲಾರದು. ಚೂರು ಮಾಡಿ ಮೈಮೇಲಿಟ್ಟು ತೋರಿಸುವವರು ಬೇಕು.

ಇಷ್ಟಾದರೂ ಕಣದ ಕೊರತೆ ನೀಗಿರಲಿಲ್ಲ. ಅದು ನೀಗಿದ್ದು 1990ರ ದಶಕದಲ್ಲಿ. 1992ರಲ್ಲಿ ಜಪಾನಿನ ಕಾಯೋ ಇನಾಬಾ, ಸ್ಟೈನ್‌ಮನ್ ಮತ್ತು ಸಂಗಡಿಗರು ಇಲಿಯ ಅಸ್ಥಿಮಜ್ಜೆಗೆ ಜಿಎಂ-ಸಿಎಸ್‌ಎಫ್ ಎಂಬ ಬೆಳವಣಿಗೆಯ ಪ್ರೋಟೀನ್ ಸೇರಿಸಿ ಡೆಂಡ್ರಿಟಿಕ್ ಕಣಗಳನ್ನು ರಾಶಿಗಟ್ಟಲೆ ಬೆಳೆದರು. ಅದೇ ವರ್ಷ ಫ್ರಾನ್ಸಿನ ಕ್ರಿಸ್ಟೋಫ್ ಕೋ, ಜಾಕ್ ಬಾಂಶೆರೋ ಮತ್ತು ಸಂಗಡಿಗರು ಮನುಷ್ಯರ ಮೂಲಕಣಗಳಿಂದಲೂ ಇವನ್ನು ಪಡೆದರು. 1994ರಲ್ಲಿ ಬಾಸೆಲ್‌ನ ಫೆಡೆರಿಕಾ ಸಲ್ಲುಸ್ತೋ ಮತ್ತು ಅಂತೋನಿಯೋ ಲಾಂಝವೆಕ್ಕಿಯಾ ಮಾನವ ರಕ್ತದಲ್ಲಿ ಧಾರಾಳವಾಗಿರುವ ಮೊನೊಸೈಟ್ ಕಣವನ್ನೇ ಇದಾಗಿ ಮಾರ್ಪಡಿಸುವ ವಿಧಾನ ಕೊಟ್ಟರು. ಈಗ ಒಂದು ಬಾಟಲಿ ರಕ್ತ ಸಿಕ್ಕರೆ ಸಾಕು, ಯಾವ ಪ್ರಯೋಗಾಲಯದಲ್ಲೂ ಇದನ್ನು ಮಾಡಿ ನೋಡಬಹುದಿತ್ತು.

ನನ್ನ ಪ್ರಶ್ನೆಗೆ ಉತ್ತರ ಇಲ್ಲಿದೆ. ಸತ್ಯ 1973ರಲ್ಲೇ ಕಾಗದದ ಮೇಲಿತ್ತು, ಪುರಾವೆ 1978ರಲ್ಲಿ ಬಂತು. ಒಪ್ಪಿಗೆ ಬಂದದ್ದು ಕಣ ಎಲ್ಲರ ಕೈಗೂ ಎಟುಕಿದಾಗ. ಸಂಶೋಧನೆಯನ್ನು ಗಟ್ಟಿ ಮಾಡಿದ್ದು ಅದನ್ನು ಮೊದಲು ಕಂಡವರೊಬ್ಬರೇ ಅಲ್ಲ, 'ನೀವೂ ಮಾಡಿ ನೋಡಿ' ಎನ್ನಲು ಬರುವ ಹಾಗೆ ವಿಧಾನ ಕಟ್ಟಿಕೊಟ್ಟ ಇನಾಬಾ, ಸಲ್ಲುಸ್ತೋ ಅಂಥವರು. ನಮ್ಮ ಆಫೀಸುಗಳಲ್ಲಿ ಎರಡು ಕ್ವಾರ್ಟರ್ ಫಲ ಕಾಣದ ಕೆಲಸ ಸ್ಟೇಟಸ್ ರಿಪೋರ್ಟಿನಲ್ಲಿ ಕೆಂಪಾಗುತ್ತದೆ, ಮೂರನೆಯದಕ್ಕೆ ಜನರನ್ನು ಎತ್ತಿ ಬೇರೆಡೆ ಹಾಕುತ್ತಾರೆ. ಆ ಲೆಕ್ಕದಲ್ಲಿ ಈ ಕಣದ ಕಡತ 1974ರಲ್ಲೇ ಮುಚ್ಚಿಹೋಗಬೇಕಿತ್ತು. ಕೋನ್ 1993ರಲ್ಲಿ ತೀರಿಕೊಂಡರು. ಇಪ್ಪತ್ತು ವರ್ಷ ಜೊತೆಗಿದ್ದು ಕಾದ ಅವರಿಗೆ ಸುಗ್ಗಿಯ ಆರಂಭವಷ್ಟೇ ಸಿಕ್ಕಿತು.

ಆ ಸುಗ್ಗಿಯಲ್ಲಿ ಚಿಕಿತ್ಸೆಯ ಆಸೆಯೂ ಇತ್ತು. ರೋಗಿಯ ಕಣಗಳನ್ನು ಹೊರತೆಗೆದು, ಅವಕ್ಕೆ ಗೆಡ್ಡೆಯ ಕುರುಹು ತೋರಿಸಿ, ಮತ್ತೆ ಮೈಗೆ ಸೇರಿಸಿದರೆ? ಈ ತತ್ವದ ಮೇಲೆ ಪ್ರಾಸ್ಟೇಟ್ ಕ್ಯಾನ್ಸರಿಗೆಂದು ಸಿದ್ಧವಾದ ಪ್ರೊವೆಂಜ್‌ಗೆ 2010ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಪರೀಕ್ಷೆಯಲ್ಲಿ ಅದು ಆಯುಸ್ಸಿಗೆ ಕೂಡಿಸಿದ್ದು ಸರಾಸರಿ ನಾಲ್ಕು ತಿಂಗಳು. ಪವಾಡವಲ್ಲ, ಶೂನ್ಯವೂ ಅಲ್ಲ.

ಸ್ಟೈನ್‌ಮನ್ ಅವರಿಗೆ 2007ರಲ್ಲಿ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ಪತ್ತೆಯಾಯಿತು. ಹೆಚ್ಚಿನ ರೋಗಿಗಳಿಗೆ ಒಂದು ವರ್ಷವೂ ಕೊಡದ ಕಾಯಿಲೆ ಅದು. ಶಸ್ತ್ರಚಿಕಿತ್ಸೆ, ಕಿಮೋಥೆರಪಿಯ ಜೊತೆಗೆ ತಮ್ಮದೇ ಕಣಗಳಿಂದ ಮಾಡಿದ ಲಸಿಕೆಗಳನ್ನೂ ತೆಗೆದುಕೊಂಡರು. ನಾಲ್ಕೂವರೆ ವರ್ಷ ಬದುಕಿದರು. ಲಸಿಕೆಯಿಂದಲೇ ಬದುಕಿದರೆಂದು ಬರೆಯಲು ಕೈ ತುಡಿಯುತ್ತದೆ, ಆದರೆ ಒಬ್ಬ ರೋಗಿಯಿಂದ ಏನೂ ಸಾಬೀತಾಗುವುದಿಲ್ಲ. ನೂರರಲ್ಲಿ ಒಂದಾಗಿದ್ದ ಕಣವನ್ನು ಜಗತ್ತು ನಂಬುವಂತೆ ಮಾಡಲು ಎರಡು ದಶಕ ಎಣಿಸುತ್ತ, ಬೇರ್ಪಡಿಸುತ್ತ, ಮತ್ತೆ ಮತ್ತೆ ಮಾಡಿ ತೋರಿಸುತ್ತ ಕುಳಿತ ಮನುಷ್ಯನಿಗೆ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದಿರಬೇಕು.