ಯೀಸ್ಟಿನ ಒಂದು ಪ್ರೋಟೀನು : ಹೆಸರು ಮತ್ತು ಸ್ವರೂಪ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಯಲ್ಲಿ ಹಿಂದಿನವರು ಜೋಳವನ್ನು ಹಗೇವುಗಳಲ್ಲಿ ತುಂಬಿಡುತ್ತಿದ್ದರು. ಮಳೆ ತಪ್ಪಿದ ವರ್ಷ ಹಗೇವನ್ನು ತೆರೆಯುವುದೂ ಮನೆಯ ವೆಚ್ಚವನ್ನು ಬಿಗಿಮಾಡುವುದೂ ಯಜಮಾನನ ಹೊಣೆ. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟಿನ ಜೀವಕೋಶದಲ್ಲಿಯೂ ಇಂಥ ಹೊಣೆಯನ್ನು ಹೊತ್ತ ಪ್ರೋಟೀನೊಂದುಂಟು. ಅದರ ಹೆಸರು ಎಸ್‌ಎನ್‌ಎಫ್-1. ವಸ್ತುವಿಗೆ ಇಟ್ಟ ಹೆಸರು ಅದರ ಸ್ವರೂಪವನ್ನು ಮರೆಮಾಡಬಲ್ಲದೆಂಬುದಕ್ಕೆ ಇದರ ಶೋಧದ ಇತಿಹಾಸವು ನಿದರ್ಶನವಾಗಿರುವುದರಿಂದ ಅದನ್ನಿಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಯೀಸ್ಟಿಗೆ ಗ್ಲುಕೋಸ್ ಅತಿ ಪ್ರಿಯವಾದ ಆಹಾರ. ಅದು ದೊರೆಯುವವರೆಗೆ ಇತರ ಸಕ್ಕರೆಗಳನ್ನು ಬಳಸುವ ಕಿಣ್ವಗಳ ತಯಾರಿಕೆಯನ್ನು ಜೀವಕೋಶವು ತಡೆಹಿಡಿಯುತ್ತದೆ. ಈ ತಡೆಯನ್ನು ತೆಗೆಯಲಾರದ ಯೀಸ್ಟುಗಳನ್ನು 1977ರಲ್ಲಿ ಜರ್ಮನಿಯ ಸಂಶೋಧಕರು ವರ್ಣಿಸಿ, ದೋಷವುಳ್ಳ ವಂಶವಾಹಿಗೆ ಬೇರೆ ಬೇರೆ ಹೆಸರುಗಳನ್ನಿತ್ತರು. 1981ರಲ್ಲಿ ಅಮೆರಿಕದ ಮೇರಿಯನ್ ಕಾರ್ಲ್‌ಸನ್, ಬಾರ್ಬರಾ ಆಸ್‌ಮಂಡ್, ಡೇವಿಡ್ ಬಾಟ್‌ಸ್ಟೈನ್ ಇವರು ಸುಕ್ರೋಸನ್ನು ಹುದುಗಿಸಲಾರದ ಯೀಸ್ಟುಗಳನ್ನು ಆರಿಸಿದರು. 'ಸುಕ್ರೋಸನ್ನು ಹುದುಗಿಸದ್ದು' ಎಂಬ ಅರ್ಥದ ಆಂಗ್ಲ ಪದಗಳ ಮೊದಲಕ್ಷರಗಳೇ ಎಸ್‌ಎನ್‌ಎಫ್. ಮೂರು ಹೆಸರುಗಳೂ ಒಂದೇ ವಂಶವಾಹಿಗೆ ಸೇರಿದವೆಂದು ಮುಂದೆ ತಿಳಿದುಬಂದಿತು. ಆ ಯೀಸ್ಟಿಗೆ ಗ್ಯಾಲಕ್ಟೋಸ್, ಗ್ಲಿಸರಾಲ್‌ಗಳ ಬಳಕೆಯೂ ಅಸಾಧ್ಯವಾಗಿತ್ತು. ಆದರೂ ಹೆಸರು ಸುಕ್ರೋಸಿನದಾಗಿಯೇ ಉಳಿಯಿತು.

1986ರಲ್ಲಿ ಸೆಲೆಂಝಾ ಮತ್ತು ಕಾರ್ಲ್‌ಸನ್ ಈ ವಂಶವಾಹಿಯಿಂದಾಗುವ ಪ್ರೋಟೀನು ಕೈನೇಸ್, ಎಂದರೆ ಇತರ ಪ್ರೋಟೀನುಗಳಿಗೆ ಫಾಸ್ಫೇಟನ್ನು ಜೋಡಿಸುವ ಕಿಣ್ವ, ಎಂದು ತೋರಿಸಿದರು. ಗ್ಲುಕೋಸ್ ತೀರಿದಾಗ ಇದರ 210ನೆಯ ಸ್ಥಾನದ ಥ್ರಿಯೋನಿನ್‌ಗೆ ಫಾಸ್ಫೇಟು ಸೇರಿ ಇದು ಚುರುಕಾಗುತ್ತದೆ. ಆಗ ಇದು ಮಿಗ್-1 ಎಂಬ ತಡೆಗಾರ ಪ್ರೋಟೀನಿಗೆ ಫಾಸ್ಫೇಟನ್ನು ಜೋಡಿಸುತ್ತದೆ. ಮಿಗ್-1 ಕೋಶಕೇಂದ್ರವನ್ನು ಬಿಟ್ಟು ಹೊರಡುತ್ತದೆ. ಮುಚ್ಚಿದ್ದ ವಂಶವಾಹಿಗಳು ತೆರೆಯುತ್ತವೆ.

ಇತ್ತ ಪ್ರಾಣಿಗಳ ಯಕೃತ್ತನ್ನು ಅಭ್ಯಸಿಸುತ್ತಿದ್ದವರ ದಾರಿಯೇ ಬೇರೆಯಾಗಿತ್ತು. ಕೊಬ್ಬು ಮತ್ತು ಕೊಲೆಸ್ಟರಾಲ್‌ಗಳ ತಯಾರಿಕೆಯನ್ನು ತಡೆಯುವ ಕೈನೇಸ್ ಚಟುವಟಿಕೆಗಳು 1973ರಲ್ಲಿ ಎರಡು ಪ್ರಯೋಗಶಾಲೆಗಳಿಂದ ವರದಿಯಾದವು. ಇವೆರಡೂ ಒಂದೇ ಕಿಣ್ವದ ಕಾರ್ಯವೆಂದು 1987ರಲ್ಲಿ ಕಾರ್ಲಿಂಗ್, ಝಮ್ಮಿಟ್, ಹಾರ್ಡಿ ಇವರು ತೋರಿಸಿದರು. ಅದಕ್ಕೆ ಎ.ಎಂ.ಪಿ. ಕೈನೇಸ್ ಎಂಬ ಹೆಸರು ಬಂದಿತು. 1994ರಲ್ಲಿ ಅದರ ಅಮೈನೋ ಆಮ್ಲಗಳ ಕ್ರಮವನ್ನು ಓದಿದಾಗ ಅದು ಎಸ್‌ಎನ್‌ಎಫ್-1ರ ಬಂಧುವೆಂಬುದು ಸ್ಪಷ್ಟವಾಯಿತು. ಸಕ್ಕರೆಯ ವಿಚಾರವೆಂದು ಒಬ್ಬರೂ ಕೊಬ್ಬಿನ ವಿಚಾರವೆಂದು ಇನ್ನೊಬ್ಬರೂ ಶೋಧಿಸಿದ್ದು ಜೀವಕೋಶದ ಶಕ್ತಿಯ ಕೊರತೆಗೆ ಓಗೊಡುವ ಒಂದೇ ಪುರಾತನ ವ್ಯವಸ್ಥೆಯನ್ನು.

ಈ ಬಾಂಧವ್ಯದ ಫಲವು 2003ರಲ್ಲಿ ಕಾಣಿಸಿತು. ಎಸ್‌ಎನ್‌ಎಫ್-1ನ್ನು ಚುರುಕುಗೊಳಿಸುವ ಮೂರು ಕೈನೇಸ್‌ಗಳು ಯೀಸ್ಟಿನಲ್ಲಿ ದೊರೆತವು. ಅವುಗಳ ಹೋಲಿಕೆಯ ಜಾಡು ಹಿಡಿದವರಿಗೆ ಮಾನವನ ಎಲ್‌ಕೆಬಿ-1 ಎದುರಾಯಿತು. ಅದರ ದೋಷದಿಂದ ಆನುವಂಶಿಕವಾಗಿ ಗಡ್ಡೆಗಳುಂಟಾಗುವುದು ಮೊದಲೇ ತಿಳಿದಿತ್ತು; ಅದು ಎ.ಎಂ.ಪಿ. ಕೈನೇಸನ್ನು ಚುರುಕುಗೊಳಿಸುವುದೆಂಬುದು ಆಗ ತಿಳಿಯಿತು.

ಆದರೆ ಬಂಧುತ್ವವು ಅಭೇದವಲ್ಲ. ಪ್ರಾಣಿಗಳ ಕಿಣ್ವವನ್ನು ಎ.ಎಂ.ಪಿ. ನೇರವಾಗಿ ಪ್ರಚೋದಿಸುತ್ತದೆ, ಯೀಸ್ಟಿನದನ್ನು ಹಾಗೆ ಪ್ರಚೋದಿಸದು. ಎ.ಡಿ.ಪಿ.ಯು ಎಸ್‌ಎನ್‌ಎಫ್-1ಕ್ಕೆ ಅಂಟಿ, ಅದರ ಫಾಸ್ಫೇಟು ಕಳಚದಂತೆ ಕಾಯುತ್ತದೆಂದು 2011ರಲ್ಲಿ ಪ್ರಕಟವಾಯಿತು. ಹೆಸರಿನ ಸಾಮ್ಯವನ್ನೇ ನಂಬಿದ್ದರೆ ಈ ಭೇದವೂ ಮರೆಯಾಗುತ್ತಿತ್ತು. ಆದುದರಿಂದ ನಮ್ಮ ವಿದ್ಯಾರ್ಥಿಗಳು ವಂಶವಾಹಿಯ ಹೆಸರನ್ನು ಓದುವಾಗ, ಅದು ಶೋಧಕನು ಮೊದಲು ಕಂಡದ್ದನ್ನು ಮಾತ್ರ ಹೇಳುತ್ತದೆಂಬುದನ್ನು ನೆನಪಿನಲ್ಲಿಡಬೇಕು.